ರಾಗಿ ಹೊಲದಲ್ಲಿ ಯೂರಿಯಾ ಪೋಲಾಗದ ಹಾಗೆ

ಮಳೆ ಬಿದ್ದ ಮಾರನೇ ದಿನ ಯೂರಿಯಾಕ್ಕೆ ಎಲ್ಲಾ ಕಡೆ ನೂಕುನುಗ್ಗಲು. ಕಷ್ಟಪಟ್ಟು ತಂದ ಆ ಗೊಬ್ಬರದಲ್ಲಿ ಅರ್ಧದಷ್ಟೂ ಬೆಳೆಗೆ ಸಿಗೋದಿಲ್ಲ. ಉಳಿದದ್ದು ಎಲ್ಲಿ ಹೋಗುತ್ತೆ ಅಂತ ತಿಳಿದರೆ ತಡೆಯೋದು ಕಷ್ಟವಲ್ಲ.

ಹೋಗುವ ದಾರಿ ಮುಖ್ಯವಾಗಿ ಎರಡು. ನೆಲದ ಮೇಲೆ ಎರಚಿ ಬಿಟ್ಟ ಯೂರಿಯಾ ತೇವಕ್ಕೆ ಕರಗಿ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತೆ. ಕೊಟ್ಟಿಗೆಯಲ್ಲಿ ಗಂಜಲದ ಘಾಟು ಮೂಗಿಗೆ ಬಡಿಯುತ್ತಲ್ಲ, ಅದೇ ಇದು. ಮಣ್ಣಿನೊಳಗೆ ಉಳಿದದ್ದು ನಿಧಾನವಾಗಿ ನೈಟ್ರೇಟ್ ಆಗುತ್ತೆ. ಇದನ್ನು ಮಣ್ಣು ಹಿಡಿದಿಟ್ಟುಕೊಳ್ಳೋದಿಲ್ಲ. ನಮ್ಮ ಮರಳು ಮಿಶ್ರಿತ ಕೆಂಪು ನೆಲದಲ್ಲಿ ಜೋರು ಮಳೆ ಬಂದರೆ ಬೇರಿನಿಂದ ಕೆಳಕ್ಕೆ ಇಳಿದುಹೋಗುತ್ತೆ.

2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪನ ಕಡ್ಡಾಯ. ಬೇವು ನೈಟ್ರೇಟ್ ಆಗೋದನ್ನು ತಡಮಾಡುತ್ತೆ. ಆದರೆ ಗಾಳಿಗೆ ಹಾರೋದನ್ನು ಅದು ತಡೆಯೋದಿಲ್ಲ. ಅದಕ್ಕೆ ಮಣ್ಣು ಮುಚ್ಚುವುದೊಂದೇ ಉಪಾಯ.

ಈಗ ಲೆಕ್ಕಕ್ಕೆ ಬರೋಣ. ಮಳೆಯಾಶ್ರಿತ ರಾಗಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ. ಅಂದರೆ ಎಕರೆಗೆ 20 ಮತ್ತು 16 ಕಿಲೋ. 35 ಕಿಲೋ ಡಿಎಪಿ ಹಾಕಿದರೆ ರಂಜಕ ಪೂರ್ತಿ ಆಯಿತು. ಜೊತೆಗೆ 6 ಕಿಲೋ ಚಿಲ್ಲರೆ ಸಾರಜನಕವೂ ಬಂತು. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯೋದಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಬಾಕಿ ಸಾರಜನಕಕ್ಕೆ 30 ಕಿಲೋ ಯೂರಿಯಾ ಸಾಕು. 45 ಕಿಲೋ ಚೀಲದಲ್ಲಿ ಮೂರರಲ್ಲಿ ಎರಡು ಪಾಲು, ಅಷ್ಟೆ. ಪೊಟ್ಯಾಷ್ ಬೇರೆ.

ಇದನ್ನು ಹಂಚುವ ಕ್ರಮ ಹೀಗೆ:

ಬಿತ್ತನೆಗೆ: ಡಿಎಪಿ 35 ಕಿಲೋ, ಯೂರಿಯಾ 8 ಕಿಲೋ. ಕಡೇ ಉಳುಮೆಯಲ್ಲಿ ಮಣ್ಣಿಗೆ ಬೆರೆಯಬೇಕು. ಸಾಲಿಗೆ ಹಾಕುವುದಾದರೆ ಬೀಜಕ್ಕೆ ತಾಗಬಾರದು, ಮೊಳಕೆ ಸುಟ್ಟೀತು.

ಮೇಲುಗೊಬ್ಬರ: 25–30 ದಿನಕ್ಕೆ, ತೆಂಡೆ ಒಡೆಯುವಾಗ 22 ಕಿಲೋ ಯೂರಿಯಾ. ಮೊದಲು ಕಳೆ ತೆಗೆಯಿರಿ, ಇಲ್ಲದಿದ್ದರೆ ಗೊಬ್ಬರದಲ್ಲಿ ಕಳೆಗೂ ಪಾಲು. ಹದ ಮಳೆಯಾಗಿ, ಎಲೆ ಮೇಲಿನ ನೀರು ಆರಿದ ಮೇಲೆ ಸಾಲಿನ ಪಕ್ಕಕ್ಕೆ ಉದುರಿಸಿ, ಕೂಡಲೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸಿ. ಬೂದಿ, ಸುಣ್ಣದ ಜೊತೆ ಬೆರೆಸಲೇಬೇಡಿ.

ಮಳೆ ಕೈಕೊಟ್ಟರೆ? ಚೀಲ ಮನೆಯಲ್ಲೇ ಇರಲಿ. ಒಣ ನೆಲಕ್ಕೆ ಹಾಕಿದರೆ ಪೈರಿಗೆ ಲಾಭವಿಲ್ಲ. ತೆನೆ ಹೊರಟ ಮೇಲೆ ಮಳೆ ಬಂತು ಅಂತ ಸುರಿಯೋದರಲ್ಲೂ ಹೆಚ್ಚು ಪ್ರಯೋಜನವಿಲ್ಲ. ಅದು ಮುಂದಿನ ಬೆಳೆಗೆ ಆದೀತು. ಎರಡು ಹಂತದಲ್ಲಿ ಕೊಡುವುದರ ದೊಡ್ಡ ಲಾಭವೇ ಇದು: ಮಳೆ ಹೋದ ವರ್ಷ ಅರ್ಧ ಗೊಬ್ಬರವಾದರೂ ಉಳಿಯಿತು.

ಪೈರು ಹಳದಿಯಾದ ಕೂಡಲೇ ಯೂರಿಯಾ ಅನ್ನಬೇಡಿ. ಸಾರಜನಕ ಕಮ್ಮಿಯಾದರೆ ಬುಡದ ಹಳೇ ಎಲೆ ಮೊದಲು ಹಳದಿಯಾಗುತ್ತೆ. ಸುಳಿಯ ಎಳೇ ಎಲೆ ಹಳದಿಯಾದರೆ ಗಂಧಕವೋ ಕಬ್ಬಿಣವೋ ಕಮ್ಮಿ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ.

ಹೆಚ್ಚಿಗೆ ಸುರಿದರೆ ಪೈರು ಕಡುಹಸಿರಾಗಿ ನೋಡಲು ಚೆಂದ. ಆದರೆ ದಂಟು ಮೆತ್ತಗಾಗಿ ಮಲಗುತ್ತೆ, ಬೆಂಕಿರೋಗವೂ ಜಾಸ್ತಿ. ಕೊಯ್ಲಿನ ಕೂಲಿ ಏರುತ್ತೆ, ಕಾಳು ಇಳಿಯುತ್ತೆ.

ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ, ಅಕ್ಕಡಿ ಸಾಲಿಗೆ ಅವರೆ ಅಥವಾ ತೊಗರಿ ಬಿಡಬೇಡಿ. ಒಂದು ತೇವ ಹಿಡಿದಿಡುತ್ತೆ, ಇನ್ನೊಂದು ತನ್ನ ಬೇರಿನ ಗಂಟಿನಲ್ಲಿ ತಾನೇ ಸಾರಜನಕ ಮಾಡಿಕೊಳ್ಳುತ್ತೆ.

ನಂಬಿಕೆ ಬಾರದಿದ್ದರೆ ಹತ್ತು ಸಾಲಿಗೆ ಈ ಲೆಕ್ಕ, ಪಕ್ಕದ ಹತ್ತು ಸಾಲಿಗೆ ನಿಮ್ಮ ರೂಢಿ ಮಾಡಿ. ಎರಡರ ಕಾಳನ್ನೂ ಬೇರೆ ಬೇರೆ ತೂಗಿ. ಬಂದದ್ದನ್ನು ಪತ್ರಿಕೆಗೆ ಬರೆದು ತಿಳಿಸಿ.