ಕಳಿಸಿದವರು ಬೇರೆ, ಮೂಲ ಬೇರೆ

2012ರ ಆಗಸ್ಟ್‌ನಲ್ಲಿ ಇಂದಿರಾನಗರ, ಹಲಸೂರು ಮುಂತಾದೆಡೆ ದುಡಿಯುತ್ತಿದ್ದ ಈಶಾನ್ಯ ರಾಜ್ಯಗಳ ಯುವಜನರು ಕೆಲಸ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಅಸ್ಸಾಂ ಗಲಭೆಗೆ ಪ್ರತೀಕಾರವಾಗಿ ರಂಜಾನ್ ವೇಳೆಗೆ ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಯೇ ಇದಕ್ಕೆ ಕಾರಣ. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಬೆಂಗಳೂರು ತೊರೆದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಭೂಕಂಪ, ಚಂಡಮಾರುತಗಳಲ್ಲಿ ಸತ್ತವರ ಚಿತ್ರಗಳನ್ನು ಗಲಭೆಯ ಚಿತ್ರಗಳೆಂದು ಅಂತರ್ಜಾಲದಲ್ಲಿ ಹರಿಯಬಿಡಲಾಗಿತ್ತೆಂದು ಕೇಂದ್ರ ಗೃಹ ಇಲಾಖೆ ಆಗ ತಿಳಿಸಿತು. ಸಗಟು ಎಸ್ಸೆಮ್ಮೆಸ್‌ ರವಾನೆಗೆ ಸರ್ಕಾರ 15 ದಿನಗಳ ನಿಷೇಧ ಹೇರಿತು.

ಹೊರಟುಹೋದವರನ್ನು ಅವಿವೇಕಿಗಳೆನ್ನಲಾಗದು. ಇಂತಹ ಸಂದೇಶ ಬರುವುದು ಅಣ್ಣನಿಂದ, ಊರಿನ ಗೆಳೆಯನಿಂದ. ನಾವು ನಂಬುವುದು ಸುದ್ದಿಯನ್ನಲ್ಲ, ಕಳಿಸಿದವರನ್ನು. ವಾಟ್ಸ್‌ಆ್ಯಪ್ ಬಂದ ಮೇಲೂ ಇದು ಬದಲಾಗಿಲ್ಲ. ಆದ್ದರಿಂದ ಕಳಿಸಿದವರು ಬೇರೆ, ಸುದ್ದಿಯ ಮೂಲ ಬೇರೆ ಎಂಬುದೇ ನಮ್ಮ ಶಾಲೆ, ಕಾಲೇಜುಗಳಲ್ಲಿ ಕಲಿಸಬೇಕಾದ ಮೊದಲ ಪಾಠವೆಂದು ನನ್ನ ಅಭಿಪ್ರಾಯ. ಇದನ್ನು ಮೊದಲು ಹೇಳಿದವರು ಯಾರು? ಯಾವಾಗ? ಕಣ್ಣಾರೆ ಕಂಡವರಿದ್ದಾರೆಯೇ? ಈ ಚಿತ್ರ ಹಿಂದೆ ಬೇರೆಲ್ಲಾದರೂ ಬಂದಿತ್ತೇ? ಹೀಗೆ ಕೇಳುವ ಅಭ್ಯಾಸ ಮಕ್ಕಳಲ್ಲಿ ಬೆಳೆಯಬೇಕು. ದೊಡ್ಡಪ್ಪ ಕಳಿಸಿದ ಸಂದೇಶವನ್ನು ಪ್ರಶ್ನಿಸಿದರೆ ದೊಡ್ಡಪ್ಪನನ್ನು ಅವಮಾನಿಸಿದಂತಲ್ಲ ಎಂಬುದನ್ನು ಮನೆಯ ಹಿರಿಯರೂ ಒಪ್ಪಬೇಕು. ಸರ್ಕಾರದ ನಿಷೇಧ ಹದಿನೈದು ದಿನಗಳದ್ದು. ವದಂತಿಗೆ ಅಂತಹ ಅವಧಿಯಿಲ್ಲ.