ಕಡಲ ನರ್ತಕಿ

ತೋಟದ ಬಸವನಹುಳುವಿಗೆ ಚಿಪ್ಪೆಂಬ ಮನೆಯಾದರೂ ಉಂಟು. ಕಡಲಿನಲ್ಲಿರುವ ಅದರ ನೆಂಟರಲ್ಲಿ ಕೆಲವಕ್ಕೆ ಅದೂ ಇಲ್ಲ. ಅಂಥದೊಂದು ‘ಸ್ಪ್ಯಾನಿಷ್ ಡ್ಯಾನ್ಸರ್’. ಕೆಂಪು ಸಮುದ್ರದಿಂದ ಶಾಂತಸಾಗರದವರೆಗಿನ ಹವಳದ ದಿಬ್ಬಗಳು ಇದರ ನೆಲೆ. ಪಂಡಿತರು ಇದರ ಕುಲಕ್ಕಿಟ್ಟ ಹೆಸರು ಹೆಕ್ಸಾಬ್ರಾಂಕಸ್. ಆರು ಕಿವಿರುಗಳುಳ್ಳದ್ದು ಎಂದರ್ಥ. 40 ಸೆಂಟಿಮೀಟರಿನವರೆಗೂ, ಎಂದರೆ ಹೆಚ್ಚುಕಡಮೆ ಒಂದು ಮೊಳ, ಬೆಳೆಯಬಲ್ಲದು. ಹಗಲೆಲ್ಲ ಅವಿತಿದ್ದು ಇರುಳಲ್ಲಿ ಹೊರಡುತ್ತದೆ. ಕೆಣಕಿದರೆ ಸುರುಳಿಸುತ್ತಿದ ಮೈಯಂಚನ್ನು ಬಿಚ್ಚಿ, ಕೆಂಪು ಲಂಗ ಬೀಸಿದಂತೆ ಅಲೆಯಲೆಯಾಗಿ ಈಜುತ್ತದೆ. ನರ್ತಕಿಯೆಂಬ ಹೆಸರು ಬಂದದ್ದು ಹೀಗೆ.

ಇಷ್ಟು ಮೆತ್ತನೆಯ ಮಾಂಸವನ್ನು ಮೀನುಗಳು ಬಿಟ್ಟಾವೇಕೆ? ಉತ್ತರ ಅದರ ಊಟದಲ್ಲಿದೆ. ಇದು ತಿನ್ನುವುದು ಸ್ಪಂಜುಗಳನ್ನು. ಆ ಸ್ಪಂಜುಗಳಲ್ಲಿ ಕೆಲವು ವಿಷವುಳ್ಳವು. ಆ ವಿಷವನ್ನು ನಮ್ಮ ನರ್ತಕಿ ತುಸು ಮಾರ್ಪಡಿಸಿ ಬೆನ್ನಿನ ಚರ್ಮದಲ್ಲಿ ಕೂಡಿಡುತ್ತದೆ. ಬಣ್ಣದ ವೈಭವವೆಲ್ಲ ‘ಮುಟ್ಟಬೇಡ’ ಎಂಬ ಎಚ್ಚರಿಕೆಯಿರಬೇಕು.

ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಸಂಗತಿ. ಇವುಗಳಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ಪ್ರತಿಯೊಂದೂ ಎರಡೂ ಹೌದು. ಇಡುವ ಮೊಟ್ಟೆಗಳು ಸುರುಳಿಗೊಂಡ ಪಟ್ಟಿಯಾಗಿ, ಅರಳಿದ ಗುಲಾಬಿಯಂತೆ ಬಂಡೆಗಂಟಿಕೊಂಡಿರುತ್ತವೆ. ಕಾವಲಿಗೆ ಯಾರೂ ನಿಲ್ಲುವುದಿಲ್ಲ. ಆದರೆ ಅದೇ ವಿಷ ಮೊಟ್ಟೆಗಳಲ್ಲಿ ಚರ್ಮದಲ್ಲಿರುವುದಕ್ಕಿಂತಲೂ ಹೆಚ್ಚಾಗಿದೆಯೆಂದು 1988ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ತನಗೆ ಕಡಮೆ, ಮಕ್ಕಳಿಗೆ ಹೆಚ್ಚು! ಅರೆಹೊಟ್ಟೆಯುಂಡು ಪರೀಕ್ಷೆಯ ಶುಲ್ಕಕ್ಕೆ ಗಂಟು ಕಟ್ಟಿದ ತಾಯಂದಿರ ಮಕ್ಕಳಿಗೆ (ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ) ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಕಳ್ಳನೊಬ್ಬನಿದ್ದಾನೆ. ಫೇವೊರೈನಸ್ ಎಂಬ ಪುಟ್ಟ ಕಡಲಹುಳು, ಅದೂ ಇದರ ಜ್ಞಾತಿಯೇ, ಆ ಗುಲಾಬಿಯ ಮೇಲೆಯೇ ಕುಳಿತು ವಿಷಕ್ಕೆ ಲಕ್ಷ್ಯಗೊಡದೆ ಮೊಟ್ಟೆಗಳನ್ನು ಮೇಯುತ್ತದೆ.