ಮಳೆಗೆ ಮೊದಲು ಸೇರಬೇಕಾದ ದುಡ್ಡು

ಹುಣಸೂರು ದಾಟಿ, ನಾಗರಹೊಳೆ ಕಾಡಿನ ಆನೆಚೌಕೂರು ಗೇಟು ಹಾದು ಬಂದರೆ ಕೊಡಗಿನ ಹೊಸ್ತಿಲಲ್ಲಿ ತಿತಿಮತಿ ಸಿಗುತ್ತದೆ. ಬಸ್ಸಿನ ಕಿಟಕಿಗೆ ಕಾಣುವುದು ಮತ್ತಿಗೋಡಿನ ಆನೆಗಳು, ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರಸ್ತೆ ಬಿಟ್ಟು ಒಳಗೆ ನಡೆದರೆ ಆದಿವಾಸಿಗಳ ಹಾಡಿಗಳು. ಜೇನುಕುರುಬರು, ಬೆಟ್ಟಕುರುಬರು, ಯರವರು ಅಲ್ಲಿ ನೆರೆಹೊರೆಯವರು. ಇವರ ಪಾಲಿಗೆ ಸೂರು ಎಂದರೆ ಒಂದೋ ಹಾಡಿಯ ಗುಡಿಸಲು, ಇಲ್ಲವೇ ತೋಟದ ಲೈನ್ ಮನೆ.

ಲೈನ್ ಮನೆಗೆ ಕಾನೂನಿನ ಆಸರೆ ಇತ್ತು. ತೋಟದಲ್ಲೇ ವಾಸಿಸುವ ಕಾರ್ಮಿಕರಿಗೆ ಮಾಲೀಕರು ವಸತಿ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಆದರೆ ಆ ಮನೆ ಕೂಲಿಯ ಬೆನ್ನಿಗೇ ಕಟ್ಟಿಕೊಂಡದ್ದು. ಮೈಯಲ್ಲಿ ಕಸುವು ಇರುವವರೆಗೆ ಮನೆ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಹೀಗೆ ಲೈನ್ ಮನೆಗಳಿಂದ ಹೊರಬಂದ ಎಷ್ಟೋ ಕುಟುಂಬಗಳು 2016ರಲ್ಲಿ ಇಲ್ಲಿಗೆ ಹತ್ತಿರದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. ಜಾಗ ಪೈಸಾರಿಯೋ (ಸರ್ಕಾರಿ ಪಾಳು ಜಮೀನೋ) ಅರಣ್ಯವೋ ಎಂಬ ಜಗಳದ ನಡುವೆ ಆ ಡಿಸೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳು ನೆಲಸಮವಾದವು. ದೊಡ್ಡ ಹೋರಾಟದ ಬಳಿಕ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಆಯಿತು.

ಹಕ್ಕುಪತ್ರ ಕೈಗೆ ಬಂದ ಮೇಲೂ ಗೋಡೆ ಏಳಲು ದುಡ್ಡು ಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಆ ದುಡ್ಡಿನ ದಾರಿ ರಾಜೀವ್ ಗಾಂಧಿ ವಸತಿ ನಿಗಮ. 2000ದಲ್ಲಿ ಹುಟ್ಟಿದ ಈ ನಿಗಮದ ಮೂಲಕವೇ ಬಸವ ವಸತಿ, ಅಂಬೇಡ್ಕರ್ ನಿವಾಸ ಮುಂತಾದ ಯೋಜನೆಗಳು ನಡೆಯುತ್ತವೆ. ಫಲಾನುಭವಿಯನ್ನು ಆರಿಸುವುದು ಗ್ರಾಮಸಭೆ. ಹಣ ಬರುವುದು ಕಂತಿನಲ್ಲಿ: ಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣಗೊಂಡ ಮನೆ. ಪ್ರತಿ ಹಂತದಲ್ಲೂ ಫೋಟೊ ತೆಗೆದು, ಜಿಪಿಎಸ್ ಗುರುತಿನೊಂದಿಗೆ ಮೇಲಕ್ಕೆ ಕಳಿಸಬೇಕು. ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಆಮೇಲೆ ‘ಬಿಲ್ ಆಗಬೇಕು’, ಅಂದರೆ ಆ ಕಂತಿನ ಹಣ ಮಂಜೂರಾಗಬೇಕು.

ಮೊತ್ತವೂ ಎಲ್ಲರಿಗೂ ಒಂದೇ ಅಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡು ಎಂದು ಗುರುತಾದ ಕಡೆ 1.30 ಲಕ್ಷ ರೂಪಾಯಿ ನಿಗದಿ ಮಾಡಿತು. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಮನೆಗೆ 2 ಲಕ್ಷ. ಆದರೆ ಕರ್ನಾಟಕದಲ್ಲಿ ಅದು ಜೇನುಕುರುಬರು ಮತ್ತು ಕೊರಗರಿಗೆ ಮಾತ್ರ. ಪಕ್ಕದ ಗುಡಿಸಲಿನ ಯರವರು ಬೇರೆ ಯೋಜನೆಯ ಸಾಲಿನಲ್ಲಿ ನಿಲ್ಲಬೇಕು. 2018ರ ಮಹಾಮಳೆಯಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು ಮುಂತಾದ ಕಡೆ ಎದ್ದ ಮನೆಗಳಿಗೆ ತಲಾ ಸುಮಾರು 10 ಲಕ್ಷ ತಗುಲಿತು. ಆಗ ಸರ್ಕಾರದ ಜೊತೆಗೆ ಇನ್ಫೊಸಿಸ್ ಪ್ರತಿಷ್ಠಾನವೂ ಕೈಜೋಡಿಸಿತ್ತು. ಬಾಳಿಕೆಯ ಮನೆಗೆ ಕೊಡಗಿನಲ್ಲಿ ನಿಜವಾಗಿ ಎಷ್ಟು ಬೇಕೆಂದು ತಿಳಿಯಲು ಆ ಲೆಕ್ಕ ಸಾಕು.

ಮೊತ್ತದ ಕೊರತೆಗಿಂತ ಹೆಚ್ಚು ಕಾಡುವುದು ಕಾಲದ ಕೊರತೆ. ಕೊಡಗಿನಲ್ಲಿ ಮನೆ ಕಟ್ಟುವ ಕಾಲ ಮಳೆ ಬಿಟ್ಟ ಮೇಲೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಅದರಲ್ಲೂ ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮನೆಯವರೆಲ್ಲ ತೋಟದಲ್ಲಿರುತ್ತಾರೆ. ಲಿಂಟಲ್ ಬಿಲ್ ಮೇ ಬದಲು ಆಗಸ್ಟಿಗೆ ಆದರೆ, ಛಾವಣಿಯಿಲ್ಲದ ಗೋಡೆ ಕಕ್ಕಡ ತಿಂಗಳ ಜಡಿಮಳೆಯಲ್ಲಿ ನೆನೆಯುತ್ತದೆ. ಇಲ್ಲವಾದರೆ ತೋಟದ ಮಾಲೀಕರಿಂದಲೋ ಬಡ್ಡಿಗೆ ಕೊಡುವವರಿಂದಲೋ ಸಾಲ. ಲೈನ್ ಮನೆಯ ಹಂಗು ಬಿಡಲು ಹೊರಟವರು ಮತ್ತೆ ಅದೇ ಅಂಗಳದಲ್ಲಿ ನಿಲ್ಲುತ್ತಾರೆ.

ಬೇರೆ ದೇಶಗಳ ‘ಸ್ಥಳೀಯ ವಸತಿ ನಿಧಿ’ ಎಂಬ ವ್ಯವಸ್ಥೆ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಊರೇ ಒಂದು ಹುಂಡಿ ಇಡುತ್ತದೆ. ಅದಕ್ಕೆ ತಪ್ಪದೆ ಬರುವ ಒಂದು ಆದಾಯವನ್ನು ಗೊತ್ತುಮಾಡುತ್ತದೆ. ಬಡವರ ಮನೆಗಲ್ಲದೆ ಬೇರೆಯದಕ್ಕೆ ಅದನ್ನು ಮುಟ್ಟುವಂತಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ 1981ರಿಂದ ಮತದಾರರೇ ಆಗಾಗ ಒಪ್ಪಿಗೆ ಕೊಟ್ಟು ಆಸ್ತಿ ತೆರಿಗೆಯ ಪಾಲನ್ನು ವಸತಿಗೆ ಎತ್ತಿಡುತ್ತಿದ್ದಾರೆ. 2023ರಲ್ಲಿ ಏಳು ವರ್ಷಗಳಿಗೆ 97 ಕೋಟಿ ಡಾಲರ್ ಒಪ್ಪಿದರು. ನಮ್ಮ ಗಡಿಯಾಚೆಯ ಕೇರಳದಲ್ಲೂ ಇದಕ್ಕೆ ಹತ್ತಿರದ ದಾರಿಯಿದೆ. 2017ರಲ್ಲಿ ಶುರುವಾದ ಲೈಫ್ ಮಿಷನ್‌ನಲ್ಲಿ ಪಂಚಾಯಿತಿಗಳೂ ತಮ್ಮ ಯೋಜನಾ ಹಣ ಹಾಕುತ್ತವೆ, ಕೇಂದ್ರದ ವಸತಿ ಸಾಲ ಸಂಸ್ಥೆ ಹುಡ್ಕೊದ ಸಾಲವೂ ಸೇರುತ್ತದೆ. ಮನೆಗೆ 4 ಲಕ್ಷ, ಆದಿವಾಸಿ ಹಾಡಿಗಳಲ್ಲಿ 6 ಲಕ್ಷ.

ತಿತಿಮತಿಗೆ ಸಿಯಾಟಲ್‌ನಷ್ಟು ದೊಡ್ಡ ಹುಂಡಿ ಬೇಡ. ಇಪ್ಪತ್ತು ಮನೆಗಳಿಗೆ ತಲಾ 50 ಸಾವಿರ ಮುಂಗಡ ಕೊಡಲು 10 ಲಕ್ಷ ಸಾಕು. ಬಿಲ್ ಆದ ಮೇಲೆ ಅದು ಹುಂಡಿಗೆ ಮರಳಿದರೆ ಮುಂದಿನ ವರ್ಷ ಮತ್ತೆ ಇಪ್ಪತ್ತು ಛಾವಣಿ. ಹಣದ ಮೂಲವೂ ದೂರದಲ್ಲಿಲ್ಲ. ಕಟ್ಟಡ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ. ಕೊಡಗಿನಲ್ಲಿ ಹೋಂಸ್ಟೇ, ರೆಸಾರ್ಟುಗಳಿಗೂ ಬರವಿಲ್ಲ. ಸ್ವಂತ ಆದಾಯದ ಸುಮಾರು ಕಾಲು ಭಾಗವನ್ನು ಪರಿಶಿಷ್ಟರಿಗೆ ಮೀಸಲಿಡುವ ನಿಯಮ ಈಗಾಗಲೇ ಇದೆ. ಲೆಕ್ಕ ನೋಡಿಕೊಳ್ಳಲು ಆದಿವಾಸಿಗಳದೇ ಲ್ಯಾಂಪ್ಸ್ ಸಹಕಾರ ಸಂಘ ತಿತಿಮತಿಯಲ್ಲೇ ಇದೆ; ಕಾಡಿನ ಜೇನಿಗೆ ಬೆಲೆ ಕಟ್ಟಿದವರಿಗೆ ಮುಂಗಡದ ವಹಿ ಬರೆಯುವುದು ಹೊಸ ವಿದ್ಯೆಯಲ್ಲ.

ಈ ನಿಧಿ ಜಾಗ ಕೊಡಲಾರದು. ಹಕ್ಕುಪತ್ರದ ಜಗಳ ಬಗೆಹರಿಯುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಅಂಗಳದಲ್ಲಿ, ಕಂದಾಯ ಕಚೇರಿಯಲ್ಲಿ. ಬಿಲ್ಲೇ ಆಗದಿದ್ದರೆ ಮುಂಗಡವೂ ಮುಳುಗುತ್ತದೆ. ಆದರೆ ಜಾಗ ಸಿಕ್ಕಿ, ಪಾಯ ಎದ್ದು, ಛಾವಣಿಗೆ ಕಾಯುತ್ತಿರುವ ಕುಟುಂಬಕ್ಕೆ ಅದು ಸಾಕಷ್ಟು ದೊಡ್ಡ ಆಸರೆ. ಮನೆ ಯಾರಿಗೆ ಎಂದು ಗ್ರಾಮಸಭೆಯಲ್ಲಿ ಎಲ್ಲರೂ ಕೇಳುತ್ತಾರೆ. ಛಾವಣಿಯ ದುಡ್ಡು ಯಾವ ತಿಂಗಳಿಗೆ ಎಂದೂ ಯಾರಾದರೂ ಎದ್ದು ಕೇಳಬೇಕು.